ಸಂಬಂಧ ಅನ್ನೋ ಜಾಗದಲ್ಲಿ ಏನು ಬರೀಲಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಒಂದು ಶ್ರದ್ಧಾಂಜಲಿ ಹಾಕ್ಸೋಣ ಅಂತ ಇಲ್ಲಿ ಕಾರವಾರದಲ್ಲಿ ಜಾಹೀರಾತು ತಗೊಳ್ಳೋ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ಫೋಟೋ ನೋಡ್ದ, ನನ್ನ ಮುಖ ನೋಡ್ದ, ಮತ್ತೆ ಫೋಟೋ ನೋಡ್ದ, ಆಮೇಲೆ ಮೆಲ್ಲಗೆ "ಅಕ್ಕಾ, ಇವ್ರು ನಿಮಗೆ ಏನಾಗ್ಬೇಕು?" ಅಂತ ಕೇಳ್ದ. ಅವನ ತಪ್ಪೇನಿಲ್ಲ, ಫಾರ್ಮಲ್ಲಿ ಸಂಬಂಧ ಅಂತ ಒಂದು ಜಾಗ ಇದೆ, ಅದನ್ನ ತುಂಬ್ಲೇಬೇಕು. ನಾನು "ಆಯಿ" ಅಂದೆ, ನಮ್ಮಲ್ಲಿ ಅಮ್ಮನಿಗೆ ಹಾಗನ್ನೋದು. "ನಿಮ್ಮ ಆಯಿ ಮೊನ್ನೆ ಸಂತೇಲಿ ಸಿಕ್ಕಿದ್ರಲ್ಲ?" ಅಂದ. ಹೌದಪ್ಪ, ಅವ್ರೂ ಆಯಿ, ಇವ್ರೂ ಆಯಿ ಅಂತ ಹೇಳ್ದೆ, ಆದ್ರೆ ನಾಲ್ಕು ಸಾಲಲ್ಲಿ ಇದೆಲ್ಲ ಹಿಡಿಯೋದಲ್ಲ ಅನ್ನಿಸಿ ಫೋಟೋ ವಾಪಸ್ ತಗೊಂಡು ಮನೆಗೆ ಬಂದೆ. ಅದಕ್ಕೇ ಈ ಪತ್ರ. ಉದ್ದ ಆಗತ್ತೆ, ಕತ್ತರಿಸೋದಿದ್ರೆ ನನ್ನ ವಿಷ್ಯ ಇರೋ ಕಡೆ ಕತ್ತರ್ಸಿ, ಅವ್ರದ್ದು ಹಾಗೇ ಬಿಡಿ.

ಫೋಟೋದಲ್ಲಿರೋರು ಜಮೈಕಾದವ್ರು. ಜಮೈಕಾ ಅಂದ್ರೆ ಈಗಿನ ಹುಡುಗ್ರಿಗೆ ಉಸೇನ್ ಬೋಲ್ಟ್, ನಮ್ಮ ಅಣ್ಣಂದಿರ ಕಾಲದವ್ರಿಗೆ ಮೈಕಲ್ ಹೋಲ್ಡಿಂಗ್, ಕರ್ಟ್ನಿ ವಾಲ್ಶ್. ಕೆರಿಬಿಯನ್ ಸಮುದ್ರದ ದ್ವೀಪ ಅದು, ಇವ್ರ ಊರು ಅದರ ದಕ್ಷಿಣ ದಂಡೇಲಿ, ಸೇಂಟ್ ಎಲಿಜಬೆತ್ ಅನ್ನೋ ಪ್ಯಾರಿಷ್ಷಲ್ಲಿ. ಪ್ಯಾರಿಷ್ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ, ಅಲ್ಲಿ ಅಂಥವು 14 ಇವೆ. ಅಪ್ಪ ದೋಣಿ ಮೇಲೆ ಹೋಗೋರು, ಅಮ್ಮ ಮೀನು ಬುಟ್ಟಿ ತಲೆ ಮೇಲೆ ಹೊತ್ತು ಮನೆ ಮನೆ ಮಾರೋರು. ಇದನ್ನ ಅವ್ರು ನಂಗೆ ಮೊದಲ್ನೇ ದಿನ ಹೇಳಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಕೋಡಿಬಾಗದ ನಮ್ಮ ಅಜ್ಜಿನೇ.

1961ರಲ್ಲಿ 19 ವರ್ಷಕ್ಕೆ ಇಂಗ್ಲೆಂಡಿಗೆ ಹಡಗು ಹತ್ತಿದ್ರು. ಆಗಿನ್ನೂ ಜಮೈಕಾಕ್ಕೆ ಸ್ವಾತಂತ್ರ್ಯ ಬಂದಿರ್ಲಿಲ್ಲ, ಬಂದಿದ್ದು 1962ರ ಆಗಸ್ಟ್ 6ಕ್ಕೆ. ಯುದ್ಧ ಮುಗಿದ್ಮೇಲೆ ಇಂಗ್ಲೆಂಡಲ್ಲಿ ಬಸ್ಸಿಗೆ, ರೈಲಿಗೆ, ಆಸ್ಪತ್ರೆಗೆ ಆಳೇ ಸಾಲ್ತಿರ್ಲಿಲ್ಲ. 1948ರ ಜೂನಲ್ಲಿ ವಿಂಡ್‌ರಶ್ ಅನ್ನೋ ಹಡಗು ಕೆರಿಬಿಯನ್ ಜನರನ್ನ ತುಂಬ್ಕೊಂಡು ಟಿಲ್ಬರಿ ಬಂದರಿಗೆ ಬಂತು, ಅದಾಗಿ ಎರಡು ವಾರಕ್ಕೆ ಜುಲೈ 5ಕ್ಕೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಶುರು ಆಯ್ತು, ಆಮೇಲೆ ಆ ಆಸ್ಪತ್ರೆಗಳನ್ನ ಕೈಯಾರೆ ನಡೆಸಿದವರಲ್ಲಿ ಈ ದ್ವೀಪಗಳಿಂದ ಬಂದ ಹೆಣ್ಣುಮಕ್ಕಳು ಎಷ್ಟೋ ಸಾವಿರ. 61ರ ಹೊತ್ತಿಗೆ ಇನ್ಮೇಲೆ ಕಾನೂನು ಬಿಗಿ ಮಾಡ್ತಾರಂತೆ ಅನ್ನೋ ಸುದ್ದಿ ಹಬ್ಬಿ ಜನ ಗಡಿಬಿಡೀಲಿ ಹೊರಟಿದ್ರು, ನಿಜಕ್ಕೂ 1962ರ ಜುಲೈ 1ರಿಂದ ಬಿಗಿ ಆಯ್ತು. ಸೌತಾಂಪ್ಟನ್ ಬಂದರಲ್ಲಿ ಇಳಿದು ರೈಲಲ್ಲಿ ಲಂಡನ್ನಿನ ವಾಟರ್ಲೂ ಸ್ಟೇಷನ್ನಿಗೆ ಬರೋವಾಗ ದಾರಿ ಉದ್ದಕ್ಕೂ ಮನೆಗಳ ಮೇಲೆ ಹೊಗೆ ನೋಡಿ, ಅಬ್ಬ ಈ ದೇಶದಲ್ಲಿ ಎಷ್ಟು ಫ್ಯಾಕ್ಟರಿ ಅಂದ್ಕೊಂಡ್ರಂತೆ, ಚಳಿಗೆ ಮನೆ ಒಳಗೇ ಬೆಂಕಿ ಹಾಕ್ತಾರೆ ಅಂತ ಗೊತ್ತಿಲ್ಲ.

ಊರಲ್ಲಿ ಎರಡು ವರ್ಷದ ಮಗಳನ್ನ ಅಮ್ಮನ ಹತ್ರ ಬಿಟ್ಟು ಬಂದಿದ್ರು. ಎರಡು ವರ್ಷದಲ್ಲಿ ಕರೆಸ್ಕೋತೇನೆ ಅಂತ ಹೇಳಿ ಹೋದೋರಿಗೆ ಆಗಿದ್ದು ಏಳು ವರ್ಷಕ್ಕೆ. ಮಗಳು ಬಂದಿಳಿದಾಗ ಒಂಬತ್ತು ವರ್ಷ, ಇವ್ರನ್ನ ನೋಡಿ "ಗುಡ್ ಮಾರ್ನಿಂಗ್ ಮ್ಯಾಮ್" ಅಂದ್ಳಂತೆ. ಇದನ್ನ ನನ್ನ ಹತ್ರ ಹದಿಮೂರು ವರ್ಷದಲ್ಲಿ ಒಂದೇ ಸಲ ಹೇಳಿದ್ದು, ಬೀನ್ಸ್ ಹೆಚ್ಚುತ್ತಾ ಹೇಳಿ ಹಾಗೇ ಎದ್ದು ಹೋಗಿ ನಲ್ಲಿ ಬಿಟ್ಕೊಂಡು ನಿಂತ್ರು. ಆ ದ್ವೀಪಗಳಲ್ಲಿ ಇದು ಮನೆಮನೆ ಕಥೆ, ಅಮ್ಮ ಇಂಗ್ಲೆಂಡಲ್ಲೋ ಅಮೆರಿಕದಲ್ಲೋ ಕೆನಡಾದಲ್ಲೋ, ಮಕ್ಕಳು ಅಜ್ಜಿ ಹತ್ರ, ವರ್ಷಕ್ಕೊಂದ್ಸಲ ದೊಡ್ಡ ಡ್ರಮ್ಮಲ್ಲಿ ಬಟ್ಟೆ, ಶೂ, ಹಾಲಿನಪುಡಿ ತುಂಬಿ ಹಡಗಲ್ಲಿ ಕಳ್ಸೋದು. ಭಟ್ಕಳ, ಹೊನ್ನಾವರದ ಕಡೆ ಗಲ್ಫಿಗೆ ಹೋದೋರ ಮನೆಯವ್ರಿಗೆ ಈ ಡ್ರಮ್ಮಿನ ಕಥೆ ಬಿಡಿಸಿ ಹೇಳೋದೇ ಬೇಡ.

ನರ್ಸಿಂಗ್ ಕಲೀಲಿಕ್ಕೆ ಅಂತ ಬಂದೋರು. ಆಗ ಅಲ್ಲಿ ಎರಡು ಥರದ ಟ್ರೈನಿಂಗ್ ಇತ್ತು, ಮೂರು ವರ್ಷದ್ದು ಓದಿದ್ರೆ ಸ್ಟೇಟ್ ರಿಜಿಸ್ಟರ್ಡ್ ನರ್ಸ್, ಎರಡು ವರ್ಷದ್ದು ಓದಿದ್ರೆ ಸ್ಟೇಟ್ ಎನ್ರೋಲ್ಡ್ ನರ್ಸ್. ಕೇಳೋಕೆ ಒಂದೇ ಥರ ಇದೆ ಅಲ್ವಾ, ಆದ್ರೆ ಎರಡನೇದು ತಗೊಂಡ್ರೆ ಮೇಲೆ ಹೋಗೋ ದಾರಿ ಅಲ್ಲೇ ಬಂದ್, ಸಿಸ್ಟರ್, ಅಂದ್ರೆ ಅಲ್ಲಿ ವಾರ್ಡಿನ ಮುಖ್ಯ ನರ್ಸ್, ಆಗೋ ಹಾಗಿಲ್ಲ, ವಾಪಸ್ ತಮ್ಮ ದೇಶಕ್ಕೆ ಹೋದ್ರೆ ಅಲ್ಲಿ ಆ ಸರ್ಟಿಫಿಕೇಟಿಗೆ ಬೆಲೆ ಇಲ್ಲ. ಕೆರಿಬಿಯನ್ ಹುಡುಗೀರನ್ನ ಎಷ್ಟೋ ಕಡೆ ಏನೂ ಬಿಡಿಸಿ ಹೇಳ್ದೇ ಎರಡನೇದಕ್ಕೇ ಸೇರ್ಸಿಬಿಟ್ರು. ಇವ್ರ ಕೈಗೂ ಒಂದು ಕಾಗದ ಕೊಟ್ರು, ನರ್ಸ್ ಅಂತ ಬರ್ದಿದೆಯಲ್ಲ ಅಂತ ಸಹಿ ಹಾಕಿದ್ರು. ಗೊತ್ತಾಗಿದ್ದು ಒಂದೂವರೆ ವರ್ಷ ಆದ್ಮೇಲೆ, ಜೊತೆಗೆ ಬಂದ ಬಿಳಿ ಹುಡುಗಿ ಪುಸ್ತಕ ಬೇರೆ, ತಮ್ಮ ಪುಸ್ತಕ ಬೇರೆ ಅಂತ ನೋಡಿದಾಗ. ಆಮೇಲೆ ಮೂವತ್ತು ವರ್ಷ ಅದೇ ದರ್ಜೇಲಿ ರಾತ್ರಿ ಪಾಳಿ. ತಾವೇ ಕೆಲಸ ಕಲ್ಸಿದ ಹುಡುಗೀರು ತಮಗೇ ಮೇಲಿನವ್ರಾಗಿ ಬಂದ್ರು. 90ರ ದಶಕದಲ್ಲಿ ಎನ್ರೋಲ್ಡ್ ನರ್ಸ್‌ಗಳಿಗೆ ಕನ್ವರ್ಷನ್ ಕೋರ್ಸ್ ಅಂತ ಇತ್ತು, ಐವತ್ತನೇ ವಯಸ್ಸಲ್ಲಿ ಮೊಮ್ಮಕ್ಕಳ ಪಕ್ಕ ಕೂತು ಓದಿ ಪಾಸ್ ಮಾಡಿದ್ರು. ಆ ಸರ್ಟಿಫಿಕೇಟನ್ನ ಮನೇಲಿ ಗೋಡೆಗೆ ಹಾಕಿರ್ಲಿಲ್ಲ, ಬಿಸ್ಕಿಟ್ ಡಬ್ಬೀಲಿ ಇಟ್ಟಿದ್ರು. ಆ ಡಬ್ಬಿ ವಿಷ್ಯಕ್ಕೆ ಬರ್ತೇನೆ.

ನಾನು ಲಂಡನ್ನಿಗೆ ಹೋಗಿದ್ದು 2002ರಲ್ಲಿ, ಹುಬ್ಬಳ್ಳಿಲಿ ನರ್ಸಿಂಗ್ ಡಿಪ್ಲೊಮಾ ಮುಗ್ಸಿ, ಏಜೆಂಟಿಗೆ ದುಡ್ಡು ಕಟ್ಟಿ. ಬ್ರಿಕ್ಸ್ಟನ್ನಲ್ಲಿ ಇವ್ರ ಮನೆಯ ಮೇಲಿನ ರೂಮು ಬಾಡಿಗೆಗೆ ಸಿಕ್ತು. ಆ ಮನೆ ತಗೊಂಡಿದ್ದೇ ಒಂದು ಕಥೆ. ಇವ್ರು ಬಂದ ಕಾಲದಲ್ಲಿ ಕರಿಯರಿಗೆ ರೂಮ್ ಕೊಡಲ್ಲ ಅಂತ ಬಾಗಿಲಿಗೆ ಬೋರ್ಡೇ ಹಾಕೋರಂತೆ, ಬ್ಯಾಂಕಲ್ಲಿ ಸಾಲನೂ ಹುಟ್ಟಲ್ಲ. ಅದಕ್ಕೆ ಅವ್ರವ್ರೇ ಪಾರ್ಡ್ನರ್ ಅಂತ ಕಟ್ಕೊಂಡ್ರು, ಪಾರ್ಡ್ನರ್ ಅಂದ್ರೆ ಬೇರೆ ಎಂತದೂ ಅಲ್ಲ ನಮ್ಮ ಚೀಟಿ, ಬಿಶಿ ಅಂತೀವಲ್ಲ ಅದೇ, ವಾರಕ್ಕಿಷ್ಟು ಅಂತ ಎಲ್ರೂ ಹಾಕೋದು, ಒಬ್ಬೊಬ್ರ ಪಾಳಿ ಬಂದಾಗ ಒಟ್ಟು ಎತ್ತೋದು, ಲೆಕ್ಕ ಇಡೋರಿಗೆ ಬ್ಯಾಂಕರ್ ಅಂತ ಹೆಸ್ರು. ಇವ್ರು ಇಪ್ಪತ್ತು ವರ್ಷ ಬ್ಯಾಂಕರ್ ಆಗಿದ್ರು, ಒಂದು ಪೆನ್ನಿ ಆಚೆ ಈಚೆ ಆಗಿಲ್ಲ. ಗಂಡ ಬಸ್ ಕಂಡಕ್ಟರು, ನಾನು ಹೋಗೋವಷ್ಟರಲ್ಲಿ ತೀರ್ಕೊಂಡಿದ್ರು. ಇಬ್ರೂ ಸೇರಿ ಚೀಟಿ ಎತ್ತಿ ಆ ಹಳೇ ಮನೆ ತಗೊಂಡ್ರು, ಆಮೇಲೆ ಮೇಲಿನ ರೂಮನ್ನ ಯಾವತ್ತೂ ಹೊಸದಾಗಿ ಬಂದೋರಿಗೇ ಕೊಡೋದು, ಯಾವ ದೇಶ, ಯಾವ ಜಾತಿ ಅಂತ ಕೇಳೋದಿಲ್ಲ, ಊಟ ಆಯ್ತಾ ಅಂತ ಮಾತ್ರ ಕೇಳೋದು. "ಒಂದೊಂದೇ ಕೆಸುವಿನ ಗಡ್ಡೆ, ಬುಟ್ಟಿ ತುಂಬತ್ತೆ" ಅನ್ನೋದು ಅವ್ರ ಊರಿನ ಗಾದೆ. ನಾನು ನಮ್ಮ ಹನಿಹನಿ ಕೂಡಿ ಹಳ್ಳ ಹೇಳಿಕೊಟ್ಟೆ, ಬರ್ದಿಟ್ಕೊಂಡ್ರು.

ಈಗ ನನ್ನ ಕಾಗದದ ವಿಷ್ಯ. ಹೊರದೇಶದ ನರ್ಸ್ ಅಲ್ಲಿ ನರ್ಸ್ ಆಗ್ಬೇಕಂದ್ರೆ ಆಗ ಕೆಲವು ತಿಂಗಳು ಅಡಾಪ್ಟೇಷನ್ ಅನ್ನೋ ತರಬೇತಿ ಮಾಡ್ಬೇಕಿತ್ತು, ಆಮೇಲೆ ರಿಜಿಸ್ಟ್ರೇಷನ್ ಆಗಿ ಪಿನ್ ನಂಬರ್ ಬರ್ತಿತ್ತು. ನನ್ನನ್ನ ಕರೆಸಿದ ವೃದ್ಧಾಶ್ರಮದೋರು ಅಡಾಪ್ಟೇಷನ್ ಮಾಡಿಸ್ತೀವಿ ಅಂತಾನೇ ಕರೆಸಿದ್ದು. ಹೋಗಿ ನಾಲ್ಕು ತಿಂಗಳಾದ್ರೂ ನಾನು ಮುದುಕರಿಗೆ ಸ್ನಾನ ಮಾಡ್ಸೋದು, ಬೆಡ್‌ಪ್ಯಾನ್ ತೊಳ್ಯೋದು ಅಷ್ಟೇ, ಸಂಬಳನೂ ಆಯಾ ಸಂಬಳ. ಮುದುಕರ ಸೇವೆ ಕೀಳಲ್ಲ, ಅದನ್ನ ಈಗ್ಲೂ ಮಾಡ್ತೇನೆ, ಆದ್ರೆ ಹೇಳಿ ಕರೆಸಿದ್ದು ಅದಕ್ಕಲ್ಲ. ಆಮೇಲೆ ಒಂದಿನ ಹೊಸ ಕಾಂಟ್ರಾಕ್ಟ್ ಅಂತ ಕೊಟ್ರು, ನಾಳೆ ಬೆಳಿಗ್ಗೆ ಸಹಿ ಮಾಡಿ ತಗೊಂಡ್ಬಾ ಅಂದ್ರು. ರಾತ್ರಿ ಅಡುಗೆಮನೆ ಟೇಬಲ್ ಮೇಲೆ ಇಟ್ಕೊಂಡು ಪೆನ್ ತೆಗ್ದಿದ್ದೆ. ಇವ್ರು ಒಲೆ ಆರಿಸಿ ಬಂದು ಕನ್ನಡಕ ಹಾಕ್ಕೊಂಡು ಎದ್ರು ಕೂತು "ಓದು, ಜೋರಾಗಿ ಓದು" ಅಂದ್ರು. ನಾನು ಓದಿದೆ. ಮೂರು ಕಡೆ ನಿಲ್ಸಿ ಕೆಂಪು ಪೆನ್ನಲ್ಲಿ ಗೀಟು ಹಾಕಿದ್ರು. ಎರಡು ವರ್ಷ ಕೇರರ್ ಆಗೇ ಇರ್ತೇನೆ ಅಂತ ಒಂದು, ಬಿಟ್ಟು ಹೋದ್ರೆ ಟಿಕೆಟ್ ಖರ್ಚು, ಟ್ರೈನಿಂಗ್ ಖರ್ಚು ವಾಪಸ್ ಕಟ್ತೇನೆ ಅಂತ ಒಂದು, ಮೂರನೇದು ನನ್ನ ಪಾಸ್‌ಪೋರ್ಟ್ ಅವ್ರ ಹತ್ರ ಇರ್ಲಿ ಅಂತ. ನಂಗೆ ಅಳು ಬಂತು. ಅವ್ರು ಸಮಾಧಾನ ಹೇಳೋಕೆ ಹೋಗ್ಲಿಲ್ಲ, "1961ರಲ್ಲಿ ನಾನು ಓದದೆ ಹಾಕಿದ ಸಹಿ ಅಳಿಸೋಕೆ ನಂಗೆ ಮೂವತ್ತು ವರ್ಷ ಹಿಡೀತು, ನಿಂಗೆ ಅಷ್ಟು ಟೈಮಿಲ್ಲ" ಅಂದ್ರು, ಅನ್ನ ಬಡಿಸಿದ್ರು.

ಮಾರ್ನೇ ದಿನ ಮಂಗಳವಾರ, ಭಾನುವಾರ ಚರ್ಚಿಗೆ ಮಾತ್ರ ಹಾಕೋ ಹಳದಿ ಟೊಪ್ಪಿ ಹಾಕ್ಕೊಂಡು ನನ್ನ ಜೊತೆ ಬಸ್ ಹತ್ತಿದ್ರು. ವೃದ್ಧಾಶ್ರಮದ ರಿಸೆಪ್ಷನ್ನಲ್ಲಿ ಎರಡು ಗಂಟೆ ಕೂತ್ರು. ಕೂಗಾಡ್ಲಿಲ್ಲ. ಇವ್ರ ಗಂಟಲಿಗೆ ಇಡೀ ಬೀದಿ ಎದ್ದು ಬರ್ತಿತ್ತು, ನಂಗೆ ಗೊತ್ತು, ಆದ್ರೂ ಒಂದು ಮಾತು ಎತ್ತರಿಸಿ ಆಡ್ಲಿಲ್ಲ. ಮ್ಯಾನೇಜರು ಬಂದಾಗ ಕೆಂಪು ಗೀಟು ತೋರ್ಸಿ "ಇದನ್ನ ಬಾಯಲ್ಲಿ ಹೇಳ್ಬೇಡಿ, ಬರ್ದು ಕೊಡಿ" ಅಂದ್ರು. ಬರ್ದು ಕೊಡೋಕೆ ಅವ್ರಿಗೆ ಆಗ್ಲಿಲ್ಲ. ಆ ಮೇಲೆ ಇವ್ರು ಹಿಂದೆ ಕೆಲಸ ಕಲ್ಸಿದ ಒಬ್ರು ಬೇರೆ ಆಸ್ಪತ್ರೇಲಿ ದೊಡ್ಡ ಸಿಸ್ಟರ್ ಆಗಿದ್ರು, ಅವ್ರಿಗೆ ಫೋನ್ ಮಾಡಿ ಫೋನ್ ಮಾಡಿ ನಂಗೆ ಅಡಾಪ್ಟೇಷನ್ ಜಾಗ ಕೊಡ್ಸಿದ್ರು. 2003ರಲ್ಲಿ ಪಿನ್ ಬಂತು. ನನ್ನ ಥರ ಆ ಮೇಲಿನ ರೂಮಲ್ಲಿ ಇದ್ದು ಹೋದ ಹುಡುಗೀರು ಕೇರಳದವ್ರು, ಫಿಲಿಪ್ಪೀನ್ಸಿನವ್ರು, ಘಾನಾದವ್ರು ಎಲ್ಲಾ ಸೇರಿ ಹನ್ನೊಂದು ಜನ, ಎಲ್ರ ಕಾಂಟ್ರಾಕ್ಟಿನ ಮೇಲೂ ಆ ಕೆಂಪು ಪೆನ್ನು ಓಡಾಡಿದೆ.

ಮೊದಲು ಆಂಟಿ ಅಂತಿದ್ದೆ, ಅಲ್ಲೂ ದೊಡ್ಡೋರಿಗೆಲ್ಲ ಆಂಟಿ ಅಂತಾನೇ ಅನ್ನೋದು ನಮ್ಮ ಹಾಗೇ. ಆಯಿ ಅಂತ ಯಾವಾಗ ಶುರು ಆಯ್ತೋ ಜ್ಞಾಪಕ ಇಲ್ಲ, ಬಹುಶಃ ಜ್ವರ ಬಂದು ಮಲಗಿದ್ದಾಗ ಬಾಯಿಗೆ ಬಂದಿರ್ಬೇಕು.

ಅಡುಗೆ ಬಗ್ಗೆ ಬರೀದೇ ಇದ್ರೆ ಅವ್ರು ಬೈತಾರೆ. ನಾನು ಅಲ್ಲಿಗೆ ಹೋದ ಮೊದಲ್ನೇ ವಾರವೇ ನಂಗೆ ಕ್ಯಾಲಲೂ ಅಂತ ಒಂದು ಸೊಪ್ಪಿನ ಪಲ್ಯ ಹಾಕಿದ್ರು, ತಿಂದ್ರೆ ನಮ್ಮ ಹರಿವೆ ಸೊಪ್ಪು! ನಿಜಕ್ಕೂ ಅದೇ ಜಾತಿ ಸೊಪ್ಪು. ಭಾನುವಾರ ಅನ್ನಕ್ಕೆ ತೆಂಗಿನಹಾಲು ಹಾಕಿ ಕೆಂಪು ರಾಜ್ಮಾ ಜೊತೆ ಬೇಯ್ಸೋರು, ಮೇಲೆ ಒಂದು ಇಡೀ ಮೆಣಸಿನಕಾಯಿ ಒಡೀದ ಹಾಗೆ ಇಡೋದು, ಸ್ಕಾಚ್ ಬಾನೆಟ್ ಅಂತ, ಒಡೆದ್ರೆ ಮನೆ ಬಿಟ್ಟು ಓಡ್ಬೇಕು ಅಷ್ಟು ಖಾರ. ಅವ್ರ ದೇಶದ ದೊಡ್ಡ ಅಡುಗೆ ಅಂದ್ರೆ ಆಕಿ ಮತ್ತೆ ಉಪ್ಪುಮೀನು. ಆಕಿ ಹಣ್ಣು ಮರದಲ್ಲೇ ತಾನಾಗಿ ಬಾಯಿ ಬಿಡ್ಬೇಕು, ಅದಕ್ಕಿಂತ ಮೊದಲು ಕಿತ್ತು ತಿಂದ್ರೆ ವಿಷ. ಉಪ್ಪುಮೀನನ್ನ ರಾತ್ರಿ ನೆನೆಸಿ ನೀರು ಚೆಲ್ಲಿ ಬೇಯ್ಸೋದು, ಆ ವಾಸನೆಗೆ ನಂಗೆ ಮಳೆಗಾಲದ ನಮ್ಮ ಮನೆ ಒಣಮೀನು ನೆನಪಾಗಿ ಎರಡು ತುತ್ತು ಜಾಸ್ತಿನೇ ಹೋಗ್ತಿತ್ತು. ಆಡಿನ ಮಾಂಸದ ಕರಿ ಮಾಡೋರು, ಅದು ನಮ್ಮವ್ರೇ ಕೊಟ್ಟಿದ್ದು ಅಂತ ಹೇಳೋರು. 1845ರ ಮೇ 10ಕ್ಕೆ ಕಬ್ಬಿನ ತೋಟದ ಕೂಲಿಗೆ ಅಂತ ಭಾರತದಿಂದ ಹೊರಟ ಮೊದಲ್ನೇ ಹಡಗು ಜಮೈಕಾ ಮುಟ್ತಂತೆ, ಗುಲಾಮಗಿರಿ ನಿಂತ ಮೇಲೆ ಆ ಕೆಲಸಕ್ಕೆ ಜನ ಬೇಕಾಗಿತ್ತಲ್ಲ, ಅದಕ್ಕೆ. ಆಮೇಲೆ 1917ರ ತನಕ 36 ಸಾವಿರಕ್ಕೂ ಹೆಚ್ಚು ಜನ ಹೋದ್ರು. ಇದನ್ನ ನಂಗೆ ಇಲ್ಲಿ ಯಾವ ಸ್ಕೂಲಲ್ಲೂ ಹೇಳಿರ್ಲಿಲ್ಲ, ಹೇಳಿದ್ದು ಅವ್ರು, ಈರುಳ್ಳಿ ಹುರೀತಾ.

ಕ್ರಿಕೆಟ್ ಅಂದ್ರೆ ಹುಚ್ಚು. ಅವ್ರ ಮನೆಯಿಂದ ಓವಲ್ ಮೈದಾನ ಹತ್ರ. 1976ರಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಟೋನಿ ಗ್ರೇಗ್ ವೆಸ್ಟ್ ಇಂಡೀಸಿನವ್ರನ್ನ ನೆಲಕ್ಕೆ ಬೀಳ್ಸಿ ಗೋಗರೆಯೋ ಹಾಗೆ ಮಾಡ್ತೀವಿ ಅನ್ನೋ ಅರ್ಥದ ಮಾತಾಡಿದ್ರಲ್ಲ, ಆ ಸೀರೀಸಿನ ಕೊನೇ ಟೆಸ್ಟ್ ಓವಲ್ಲಲ್ಲೇ ಆಯ್ತು, ಹೋಲ್ಡಿಂಗ್ 149 ರನ್ ಕೊಟ್ಟು 14 ವಿಕೆಟ್ ತೆಗೆದ್ರು. ಇವ್ರು ರಾತ್ರಿ ಪಾಳಿ ಮುಗ್ಸಿ ಯೂನಿಫಾರ್ಮಿನ ಮೇಲೇ ಕೋಟ್ ಹಾಕ್ಕೊಂಡು ಹೋಗಿ ಡಬ್ಬಿ ಬಡೀತಾ ಕೂತಿದ್ರಂತೆ. ನಾನು ಹೋದ ವರ್ಷ ಅದೇ ಓವಲ್ಲಲ್ಲಿ ನಮ್ಮ ದ್ರಾವಿಡ್ 217 ಹೊಡೆದಿದ್ದು. ಟಿವಿ ಮುಂದೆ ಕೂತು "ಇವ್ನು ನಿಮ್ಮ ಕಡೆ ಹುಡುಗನಾ? ಸರಿ, ಇವ್ನಿಗೆ ಯಾರೋ ಒಳ್ಳೇ ತಾಯಿ ತಾಳ್ಮೆ ಕಲ್ಸಿದಾಳೆ" ಅಂದ್ರು. ಆದ್ರೆ 1983ರ ಫೈನಲ್ ಬಗ್ಗೆ ಮಾತ್ರ ಆ ಮನೇಲಿ ಯಾರೂ ಬಾಯಿ ಬಿಡೋ ಹಾಗಿರ್ಲಿಲ್ಲ.

2010ರ ಜನವರೀಲಿ ಕಾರವಾರಕ್ಕೆ ಬಂದಿದ್ರು, ಮೂರು ವಾರ. ಗೋವಾದಲ್ಲಿ ಇಳಿದು ಕಾರಲ್ಲಿ ಬರೋವಾಗ ಕಾಳಿ ಸೇತುವೆ ಮೇಲೆ ನಿಲ್ಸು ಅಂದ್ರು, ಒಂದು ಕಡೆ ನದಿ, ಒಂದು ಕಡೆ ಸಮುದ್ರ, ಗುಡ್ಡ. ಸುಮಾರು ಹೊತ್ತು ಮಾತೇ ಆಡ್ಲಿಲ್ಲ. ಆ ಹಳೇ ಸೇತುವೆ 2024ರ ಆಗಸ್ಟಲ್ಲಿ ಮಧ್ಯರಾತ್ರಿ ಕುಸಿದು ಲಾರಿ ನದಿಗೆ ಬಿತ್ತಲ್ಲ, ಸುದ್ದಿ ಎಲ್ಲೋ ನೋಡಿ ಫೋನ್ ಮಾಡಿದ್ರು, ಡ್ರೈವರ್ ಬದುಕಿದ್ನಾ ಅಂತ ಮೊದಲು ಕೇಳಿದ್ರು, ಬದುಕಿದಾನೆ ಅಂದ್ಮೇಲೆ "ನಾನು ನಿಂತ ಜಾಗನೇ ಹೋಯ್ತಾ" ಅಂದ್ರು.

ಟ್ಯಾಗೋರ್ ಬೀಚಲ್ಲಿ ಬೆಳಿಗ್ಗೆ ಏಂಡಿ ಬಲೆ ಎಳೀತಿರೋದು ಕಂಡು ಚಪ್ಪಲಿ ಬಿಚ್ಚಿ ಹೋಗಿ ಹಗ್ಗಕ್ಕೆ ಕೈ ಹಾಕೇಬಿಟ್ರು. 67 ವರ್ಷ! ಎಳೀತಿದ್ದೋರು ನಕ್ಕು ಜಾಗ ಬಿಟ್ರು, ಆಮೇಲೆ ಪಾಲು ಅಂತ ಒಂದು ಮುಷ್ಟಿ ತಾರ್ಲೆ ಕೊಟ್ರು, ಅದನ್ನ ಸೆರಗಲ್ಲಿ ಕಟ್ಟಿಕೊಂಡ ಹಾಗೆ ಸ್ಕಾರ್ಫಲ್ಲಿ ಕಟ್ಕೊಂಡು ಬಂದ್ರು. ನಮ್ಮ ಹಿತ್ತಲಲ್ಲಿ ನೀರುಹಲಸಿನ ಮರ ನೋಡಿ ಅದನ್ನ ತಬ್ಕೊಂಡೇ ನಿಂತ್ರು, ನಾವು ಕೊಂಕಣೀಲಿ ನೀರ್ ಪಣಸ್ ಅಂತೀವಲ್ಲ ಅದು. ಅವ್ರ ದೇಶಕ್ಕೆ ಅದು 1793ರಲ್ಲಿ ಬಂದಿದ್ದಂತೆ, ಕ್ಯಾಪ್ಟನ್ ಬ್ಲೈ ಅನ್ನೋನು ಪೆಸಿಫಿಕ್ಕಿನ ತಾಹಿತಿಯಿಂದ ಸಸಿಗಳನ್ನ ಹಡಗಲ್ಲಿ ತಂದ, ಗುಲಾಮರಿಗೆ ಕಮ್ಮೀಲಿ ಹೊಟ್ಟೆ ತುಂಬ್ಸೋಕೆ. ಅಲ್ಲಿ ಇಡೀ ಕಾಯಿ ಕೆಂಡದಲ್ಲಿ ಸುಡ್ತಾರೆ. ನನ್ನ ಆಯಿ ತೆಳ್ಳಗೆ ಹೆಚ್ಚಿ ಖಾರ ಹಚ್ಚಿ ರವೇಲಿ ಹೊರಳ್ಸಿ ಫೋಡಿ ಮಾಡಿ ಹಾಕಿದ್ರು. ಆರು ತಿಂದ್ರು, ಆಮೇಲೆ ತಾವು ಒಂದು ಕಾಯಿ ಬಚ್ಚಲೊಲೆಗೆ ಹಾಕಿ ಸುಟ್ಟು ಆಯಿಗೆ ಬೆಣ್ಣೆ ಹಚ್ಚಿ ತಿನ್ಸಿದ್ರು.

ಒಂದಿನ ಯಲ್ಲಾಪುರದ ಬಸ್ಸಲ್ಲಿ ಕಂಡಕ್ಟರು ನೇರ ಕನ್ನಡದಲ್ಲಿ ಇವ್ರಿಗೇ "ಎಲ್ಲಿಗಮ್ಮಾ?" ಅಂದ, ಸಿದ್ದಿ ಜನ ಅಂದ್ಕೊಂಡು. ನಾನು ಸಿದ್ದಿಗಳ ವಿಷ್ಯ ಹೇಳ್ದೆ, ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದೋರು, ತಪ್ಪಿಸ್ಕೊಂಡು ಈ ಕಾಡು ಸೇರಿದೋರು, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರಿನಿಂದ ಇದಾರೆ, ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ ಅಂತ. ಅಷ್ಟು ಕೇಳಿದ್ದೇ ತಡ, ಅವ್ರನ್ನ ನೋಡ್ದೆ ವಾಪಸ್ ಹೋಗಲ್ಲ ಅಂದ್ರು. ಒಂದು ಸಿದ್ದಿ ಮನೆ ಅಂಗಳದಲ್ಲಿ ಒಬ್ರು ಅಜ್ಜಿ ಹಳೇ ಸೀರೆ ತುಂಡು ಸೇರ್ಸಿ ಕೌದಿ ಹೊಲೀತಿದ್ರು. ಇವ್ರು ಪಕ್ಕ ಕೂತು ಸೂಜಿ ಇಸ್ಕೊಂಡು ನಾಲ್ಕು ಹೊಲಿಗೆ ಹಾಕಿದ್ರು. ಇಬ್ರಿಗೂ ಒಬ್ರದ್ದು ಒಬ್ರಿಗೆ ಭಾಷೆ ಇಲ್ಲ. ಹೊರಡೋವಾಗ ಆ ಅಜ್ಜಿ ಇವ್ರ ಕೈ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿ "ಇವ್ರು ನಮ್ಮವ್ರೇ ತಂಗೀ, ಎಷ್ಟು ವರ್ಷ ಆಯ್ತು ಬಿಟ್ಟು ಹೋಗಿ?" ಅಂತ ಕೇಳಿದ್ರು. ನಾನು ಇಂಗ್ಲಿಷಲ್ಲಿ ಹೇಳ್ದೆ. ವಾಪಸ್ ಬರೋ ದಾರಿ ಪೂರ್ತಿ, ಅರಬೈಲು ಘಾಟು ಇಳಿಯೋ ತನಕ, ಆ ಯಾವಾಗ್ಲೂ ಮಾತಾಡೋ ಹೆಂಗಸು ಕಿಟಕಿ ಕಡೆ ಮುಖ ಮಾಡ್ಕೊಂಡೇ ಕೂತಿದ್ರು.

ನನ್ನ ಆಯಿ ಜೊತೆ ಆಗಿದ್ದು ಹೇಳ್ಬೇಕು. ನಮ್ಮ ಮೂಲ ಊರು ಯೋಜನೆಗೆ ಹೋಯ್ತು, ಯಾವ ಯೋಜನೆ, ಯಾವ ಊರು ಅಂತ ಈ ಕಡೆಯವ್ರಿಗೆ ಬಿಡಿಸಿ ಹೇಳೋದು ಬೇಡ. ಗದ್ದೆ, ತೆಂಗಿನ ಮರ, ದೈವದ ಕಟ್ಟೆ ಎಲ್ಲಾ ಬಿಟ್ಟು ಬಂದೋರು ನಾವು. ಆಯಿ ಹತ್ರ ಒಂದು ತಗಡಿನ ಟ್ರಂಕಿದೆ, ಅದ್ರಲ್ಲಿ ಪಹಣಿ, ಮನೆ ತೆರಿಗೆ ರಸೀದಿ, ನೋಟೀಸು, ವಕೀಲರ ಕಾಗದ, ಪರಿಹಾರದ ಲೆಕ್ಕ, ಎಲ್ಲಾ ಪ್ಲಾಸ್ಟಿಕ್ಕಲ್ಲಿ ಸುತ್ತಿ, ನಡುವೆ ಡಾಂಬರು ಗುಳಿಗೆ. ಆಯಿಗೆ ಓದೋಕೆ ಬರೋದಿಲ್ಲ, ಆದ್ರೆ ಯಾವ ಕಾಗದ ಯಾವುದು ಅಂತ ಮಡಿಕೆ ನೋಡಿನೇ ಹೇಳ್ತಾರೆ. ಒಂದು ಮಧ್ಯಾಹ್ನ ಇಬ್ರೂ ಬಂಗಡೆ ಹೆಚ್ಚಿ ಕೈ ತೊಳ್ಕೊಂಡು ಕೂತಿದ್ದಾಗ ಆಯಿಗೆ ಎಂತ ಅನ್ನಿಸ್ತೋ, ಟ್ರಂಕ್ ಎಳ್ದು ಒಂದೊಂದೇ ಕಾಗದ ತೆಗ್ದು ಇವ್ರಿಗೆ ತೋರ್ಸೋಕೆ ಶುರು ಮಾಡಿದ್ರು, ಕೊಂಕಣೀಲೇ ಹೇಳ್ತಾ. ಇವ್ರು ಕನ್ನಡಕ ಹಾಕ್ಕೊಂಡು ಒಂದೊಂದನ್ನೂ ಪೂರ್ತಿ ನೋಡಿದ್ರು, ಒಂದಕ್ಷರ ಅರ್ಥ ಆಗದೇ ಇದ್ರೂ. ತಾರೀಕು ಇರೋ ಕಡೆ ಬೆರಳಿಡ್ತಿದ್ರು, ಆಯಿ ಹೂಂ ಅಂತಿದ್ರು. ನಾನು ನಡುವೆ ಅನುವಾದ ಮಾಡೋಕೆ ಹೋದೆ, ಇಬ್ರೂ ಕೈ ಅಡ್ಡ ಮಾಡಿ ಸುಮ್ಮನಿರು ಅಂದ್ರು. ಮುಗಿದ್ಮೇಲೆ ಇವ್ರು ತಮ್ಮ ಬ್ಯಾಗಿಂದ ಹೊಸ ಪ್ಲಾಸ್ಟಿಕ್ ಫೋಲ್ಡರ್ ತೆಗ್ದು ಒದ್ದೆ ಹಿಡಿದಿದ್ದ ಎರಡು ಕಾಗದನ ಅದಕ್ಕೆ ಹಾಕಿ ಕೊಟ್ರು. ಆಯಿ ಈಗ್ಲೂ ಅದನ್ನ ಇಂಗ್ಲೆಂಡ್ ಬಾಯಿ ಕೊಟ್ಟ ಕವರು ಅಂತಾರೆ.

ನಾನು 2015ರಲ್ಲಿ ವಾಪಸ್ ಬಂದೆ, ಅಪ್ಪ ಹೋದ್ಮೇಲೆ ಆಯಿ ಒಬ್ರೇ ಆದ್ರು ಅಂತ. ಮುಂದಿನದ್ದು ಫೋನಲ್ಲಿ ಕೇಳಿದ್ದು. 2018ರಲ್ಲಿ ಅಲ್ಲಿ ದೊಡ್ಡ ಗಲಾಟೆ ಆಯ್ತು, ಇಲ್ಲಿ ಪೇಪರಲ್ಲೂ ಸ್ವಲ್ಪ ಬಂದಿತ್ತು. 1973ಕ್ಕಿಂತ ಮೊದಲು ಕಾನೂನು ಪ್ರಕಾರವೇ ಬಂದ ಕೆರಿಬಿಯನ್ ಜನರನ್ನ, ಐವತ್ತು ವರ್ಷ ಅಲ್ಲೇ ದುಡಿದು ತೆರಿಗೆ ಕಟ್ಟಿದೋರನ್ನ, ನೀವು ಇಲ್ಲಿನವ್ರು ಅನ್ನೋಕೆ ದಾಖಲೆ ಎಲ್ಲಿದೆ ಅಂತ ಕೇಳಿದ್ರು. ಕೆಲಸ ಹೋಯ್ತು, ಆಸ್ಪತ್ರೇಲಿ ಚಿಕಿತ್ಸೆ ನಿಲ್ಸಿದ್ರು, ಕೆಲವ್ರನ್ನ ಹುಟ್ಟಿದ ದ್ವೀಪಕ್ಕೆ ವಾಪಸ್ಸೇ ಕಳಿಸಿಬಿಟ್ರು. ಅವ್ರು ಬಂದಿಳಿದಾಗ ಸರ್ಕಾರವೇ ಮಾಡಿಟ್ಟಿದ್ದ ಲ್ಯಾಂಡಿಂಗ್ ಕಾರ್ಡುಗಳನ್ನ 2010ರಲ್ಲಿ ಸರ್ಕಾರವೇ ನಾಶ ಮಾಡಿತ್ತು. ಪ್ರಧಾನಿ ಥೆರೆಸಾ ಮೇ ಕ್ಷಮೆ ಕೇಳ್ಬೇಕಾಯ್ತು, ಗೃಹ ಮಂತ್ರಿ ಆಂಬರ್ ರಡ್ ರಾಜೀನಾಮೆ ಕೊಟ್ರು.

ಇವ್ರಿಗೆ ಏನೂ ಆಗ್ಲಿಲ್ಲ, ಡಬ್ಬಿ ಇತ್ತಲ್ಲ. ಹಡಗಿನ ಟಿಕೆಟ್ಟಿನ ತುಂಡಿಂದ ಹಿಡಿದು ಪ್ರತಿ ವರ್ಷದ ಸಂಬಳದ ಚೀಟಿ, ಪಾರ್ಡ್ನರಿನ ಲೆಕ್ಕದ ಪುಸ್ತಕ, ಮಕ್ಕಳ ಸ್ಕೂಲ್ ರಿಪೋರ್ಟು. ಜೊತೆಗೆ ವೆಸ್ಟ್ ಇಂಡಿಯನ್ ಗೆಜೆಟ್ಟಿನ ಮೂರು ಹಳೇ ಸಂಚಿಕೆ. ಸರ್, ನೀವು ಪತ್ರಿಕೆಯವ್ರು ಅಂತ ಹೇಳ್ತೇನೆ, ಆ ಪತ್ರಿಕೆನ ಕ್ಲಾಡಿಯಾ ಜೋನ್ಸ್ ಅನ್ನೋ ಟ್ರಿನಿಡಾಡ್‌ನಲ್ಲಿ ಹುಟ್ಟಿದ ಹೆಣ್ಣುಮಗಳು 1958ರಲ್ಲಿ ಬ್ರಿಕ್ಸ್ಟನ್ನಲ್ಲಿ ಒಂದು ಕ್ಷೌರದಂಗಡಿ ಮಹಡಿ ಮೇಲೆ ಶುರು ಮಾಡಿದ್ದು. ಆ ವರ್ಷ ನಾಟಿಂಗ್ ಹಿಲ್ಲಲ್ಲಿ ಕರಿಯರ ಮೇಲೆ ದೊಡ್ಡ ಹಲ್ಲೆ ಆಗಿತ್ತು, ಜನ ಹೆದರಿ ಮನೆ ಸೇರಿದ್ರು, ಆಗ ಅವಳು 1959ರ ಜನವರೀಲಿ ಚಳೀಲಿ ಒಂದು ಹಾಲ್ ಒಳಗೇ ಕಾರ್ನಿವಲ್ ಮಾಡ್ಸಿದ್ಳು, ಕುಣೀರಿ ಅಂತ. ಈಗ ಬೀದೀಲಿ ಲಕ್ಷಾಂತರ ಜನ ಸೇರ್ತಾರೆ. ಅಂಕೋಲೆ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಸೀಡಿ ಹಾಕಿ ತೋರ್ಸಿದಾಗ ತುರಾಯಿ ನೋಡಿ ಎದ್ದು ನಿಂತು ಕುಣ್ದಿದ್ರು, ನಮ್ಮನೆ ಹಾಲಲ್ಲೇ.

ಅವ್ರ ಚರ್ಚಿನ ಎಷ್ಟೋ ಜನರ ಹತ್ರ ಡಬ್ಬಿ ಇರ್ಲಿಲ್ಲ. ಅದ್ರಲ್ಲೂ ಚಿಕ್ಕ ಮಕ್ಕಳಾಗಿ ಅಪ್ಪ ಅಮ್ಮನ ಪಾಸ್‌ಪೋರ್ಟಲ್ಲಿ ಬಂದೋರಿಗೆ ತಮ್ಮ ಹೆಸ್ರಲ್ಲಿ ಒಂದು ಕಾಗದನೂ ಇಲ್ಲ. 76 ವರ್ಷದ ಇವ್ರು ವಾರಕ್ಕೆ ಮೂರು ದಿನ ಚರ್ಚ್ ಹಾಲಲ್ಲಿ ಟೇಬಲ್ ಹಾಕ್ಕೊಂಡು ಕೂತು, ನೀನು ಯಾವ ಸ್ಕೂಲಿಗೆ ಹೋಗಿದ್ದೆ, ಯಾವ ಡಾಕ್ಟ್ರು, ಹಲ್ಲು ಕೀಳ್ಸಿದ್ದು ಎಲ್ಲಿ ಅಂತ ಕೇಳಿ ಕೇಳಿ ಒಂದೊಂದು ವರ್ಷಕ್ಕೂ ಒಂದೊಂದು ಕಾಗದ ಹುಡುಕ್ಸಿದ್ರು. ಒಬ್ಬರ ಹೆಸ್ರು ಇವ್ರ 1971ರ ಚೀಟಿ ಲೆಕ್ಕದ ಪುಸ್ತಕದಲ್ಲಿ ಸಿಕ್ತಂತೆ. ಫೋನಲ್ಲಿ ಇದನ್ನ ಹೇಳೋವಾಗ ಅವ್ರ ದನಿ ಕೇಳ್ಬೇಕಿತ್ತು ನೀವು, ಹೋಲ್ಡಿಂಗಿಗೆ ವಿಕೆಟ್ ಸಿಕ್ಕಿದ ಹಾಗೆ.

2022ರ ಜೂನ್ 22ಕ್ಕೆ ಅದೇ ವಾಟರ್ಲೂ ಸ್ಟೇಷನ್ನಲ್ಲಿ ವಿಂಡ್‌ರಶ್ ಸ್ಮಾರಕ ನಿಲ್ಸಿದ್ರು, ಸೂಟ್‌ಕೇಸುಗಳ ಮೇಲೆ ನಿಂತ ಗಂಡ, ಹೆಂಡ್ತಿ, ಮಗು. ಮುಂದಿನ ವಾರ ಹೋಗಿ ವಿಡಿಯೋ ಕಾಲ್ ಮಾಡಿದ್ರು, "ಆ ಹೆಂಗಸಿನ ಟೊಪ್ಪಿ ನೋಡು, ನಂದು ಅದಕ್ಕಿಂತ ಚೆನ್ನಾಗಿದೆ" ಅಂದ್ರು.

ಕಳೆದ ಜನವರೀಲಿ ಹೋದ್ರು, 82 ವರ್ಷ, ನಿದ್ದೇಲಿ. ವೀಸಾ ಆಗೋ ಹೊತ್ತಿಗೆ ಎಲ್ಲಾ ಮುಗೀತದೆ ಅಂತ ನಾನು ಹೋಗ್ಲಿಲ್ಲ, ಆ ಸಂಕಟ ಹೇಳೋದಲ್ಲ. ಅವ್ರಲ್ಲಿ ನೈನ್ ನೈಟ್ ಅಂತ ಇದೆ, ಒಂಬತ್ತು ರಾತ್ರಿ ಜನ ಮನೇಲಿ ಸೇರಿ ಮೀನು ಹುರಿದು, ಹಾಡು ಹೇಳಿ, ಡಾಮಿನೋ ಆಡಿ, ಹೋದೋರ ಕಥೆ ಹೇಳ್ಕೊಂಡು ಕೂರೋದು, ಒಂಬತ್ತನೇ ರಾತ್ರಿ ಆತ್ಮ ಮನೆ ಬಿಡತ್ತೆ ಅಂತ ನಂಬಿಕೆ. ಅಲ್ಲಿ ರಾತ್ರಿ ಎಂಟು ಅಂದ್ರೆ ಇಲ್ಲಿ ಒಂದೂವರೆ. ಅವ್ರ ಮಗಳು ಫೋನನ್ನ ಅಡುಗೆಮನೆ ಕಪಾಟಿಗೆ ಒರಗಿಸಿ ಇಟ್ಟಿದ್ಳು, ಆ ಟೇಬಲ್ ಕಾಣ್ತಿತ್ತು, ಡಾಮಿನೋ ಟಪ್ ಟಪ್ ಅಂತ ಬಡಿಯೋ ಸದ್ದು. ನಾನೂ ಇಲ್ಲಿ ಬಂಗಡೆ ಹುರ್ದೆ. ಆಯಿ ಎದ್ದು ಬಂದು ಎಂತಕ್ಕೆ ಈ ಹೊತ್ತಲ್ಲಿ ಅಂತ ಕೇಳಿ, ಹೇಳಿದ್ಮೇಲೆ ತಾವೂ ಚಾಪೆ ಹಾಕ್ಕೊಂಡು ಕೂತ್ರು, ಬೆಳಗಾಗೋ ತನಕ. ಮಣ್ಣು ಮಾಡೋವಾಗ ಅವ್ರಲ್ಲಿ ಕೂಲಿಯವ್ರಿಗೆ ಬಿಡಲ್ಲ, ಮನೆಯವ್ರೇ ಗುದ್ದಲಿ ಹಿಡಿದು ಪಾಳಿ ಮೇಲೆ ಮಣ್ಣು ಎಳೀತಾರೆ, ಹೆಂಗಸರು ಹಾಡ್ತಾ ನಿಲ್ತಾರೆ, ಗುಂಡಿ ಪೂರ್ತಿ ಮುಚ್ಚೋ ತನಕ ಹಾಡು ನಿಲ್ಲಲ್ಲ. ಮೇಲಿನ ರೂಮಲ್ಲಿ ಇದ್ದು ಹೋದ ಹನ್ನೊಂದರಲ್ಲಿ ಏಳು ಜನ ಬಂದಿದ್ರಂತೆ, ಅವ್ರೂ ಮಣ್ಣು ಎಳ್ದ್ರು. ನನ್ನ ಪಾಲಿನ ಒಂದು ಗುದ್ದಲಿ ಘಾನಾದವಳು ಹಾಕಿದ್ಳು, ನನ್ನ ಹೆಸ್ರು ಹೇಳಿ.

ಹೋದ ತಿಂಗಳು ಮಗಳು ಒಂದು ಪಾರ್ಸೆಲ್ ಕಳ್ಸಿದ್ಳು. 2002ರ ಆ ಕಾಂಟ್ರಾಕ್ಟು, ಮೂರು ಕೆಂಪು ಗೀಟು ಹಾಗೇ ಇದೆ, ನಾನು ಅದನ್ನ ಹರಿದು ಬಿಸಾಕಿದೀನಿ ಅಂತಲೇ ತಿಳ್ಕೊಂಡಿದ್ದೆ, ಅವ್ರು ಎತ್ತಿಟ್ಟಿದ್ರು. ಹಿಂದುಗಡೆ ತಾರೀಕು ಹಾಕಿ ನನ್ನ ಹೆಸ್ರು ಬರ್ದು ಕೆಳಗೆ "ಸಹಿ ಮಾಡಿಲ್ಲ" ಅಂತ ಬರ್ದಿದಾರೆ. ಆಯಿ ಅದನ್ನ ಮುಟ್ಟಿ ನೋಡಿ ಇಂಗ್ಲೆಂಡ್ ಬಾಯಿ ಕೊಟ್ಟ ಕವರಲ್ಲೇ ಹಾಕಿ ಟ್ರಂಕಲ್ಲಿ ಇಟ್ಟಿದ್ದಾರೆ, ಪಹಣಿ ಪಕ್ಕ.

ಫೋಟೋ ಇದರ ಜೊತೆ ಕಳಿಸ್ತಿದ್ದೇನೆ, ಓವಲ್ ಮೈದಾನದ ಗೇಟಿನ ಹತ್ರ ತೆಗೆದಿದ್ದು. ಜಾಗ ಇದ್ರೆ ಹಾಕಿ. ಕಪ್ಪುಬಿಳುಪಲ್ಲಿ ಹಾಕೋದಾದ್ರೆ ಟೊಪ್ಪಿ ಹಳದಿ ಅಂತ ಕೆಳಗೆ ದಯವಿಟ್ಟು ಬರೀರಿ.

ಇತಿ,
ನಿಮ್ಮ ಓದುಗಳು
ಕೋಡಿಬಾಗ, ಕಾರವಾರ